153 ಆರ್ಮ್‌ಸ್ಟ್ರಾಂಗ್ ಸಂಖ್ಯೆ ಅಲ್ವಂತಾ?

ಒಂದು ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅಷ್ಟನೇ ಘಾತಕ್ಕೆ ಪ್ರತಿ ಅಂಕಿಯನ್ನೂ ಏರಿಸಿ ಕೂಡಿದಾಗ ಅದೇ ಸಂಖ್ಯೆ ಬಂದರೆ ಅದು ಆರ್ಮ್‌ಸ್ಟ್ರಾಂಗ್ ಸಂಖ್ಯೆ. ಅದನ್ನು ಪರೀಕ್ಷಿಸೋ ನಿಮ್ಮ ಸಿ ಪ್ರೋಗ್ರಾಂ 153 ಕೊಟ್ಟರೂ 371 ಕೊಟ್ಟರೂ ‘ಆರ್ಮ್‌ಸ್ಟ್ರಾಂಗ್ ಅಲ್ಲ’ ಅನ್ನುತ್ತೆ, 0 ಕೊಟ್ಟರೆ ಮಾತ್ರ ‘ಹೌದು’ ಅನ್ನುತ್ತೆ ಅಂದಿರಲ್ಲ, ಆ ಸೊನ್ನೆಯೇ ಕಳ್ಳನನ್ನು ಹಿಡಿದುಕೊಟ್ಟಿದೆ.

ವೈಲ್ ಲೂಪ್ (ಎನ್ 0 ಆಗೋವರೆಗೆ ಮತ್ತೆ ಮತ್ತೆ ನಡೆಯೋ ಭಾಗ) ಒಳಗೆ ಏನಾಗ್ತಿದೆ ಅಂತ ಒಮ್ಮೆ ಹಾಳೆ ಮೇಲೆ ಬರೆದು ನೋಡಿ. ನೀವು ಕೊಟ್ಟ ಸಂಖ್ಯೆ ಇರೋದು ಎನ್‌ನಲ್ಲಿ, ಅದು 153. ಹತ್ತರಿಂದ ಭಾಗಿಸಿದರೆ ಶೇಷ 3, ಅದರ ಘನ 27. ಎನ್ ಈಗ 15. ಮುಂದಿನ ಸುತ್ತಲ್ಲಿ ಶೇಷ 5, ಘನ 125, ಮೊತ್ತ 152, ಎನ್ 1. ಕೊನೆಗೆ 1 ಸೇರಿ ಮೊತ್ತ 153. ಲೆಕ್ಕ ಸರಿಯಾಗೇ ಬಂತು. ಆದರೆ ಅಷ್ಟೊತ್ತಿಗೆ ಎನ್ ಸವೆದು ಸವೆದು 0 ಆಗಿರುತ್ತೆ. ನೀವು ಮೊತ್ತವನ್ನು ಹೋಲಿಸ್ತಿರೋದು ಆ 0 ಜೊತೆ! ಲೂಪ್‌ಗೆ ಮೊದಲೇ ಎನ್ ಬೆಲೆಯನ್ನು ಇನ್ನೊಂದು ವೇರಿಯಬಲ್‌ನಲ್ಲಿ ಎತ್ತಿಟ್ಟುಕೊಂಡು ಅದರ ಜೊತೆ ಹೋಲಿಸಿ. (ಲ್ಯಾಬ್ ಪರೀಕ್ಷೆಯಲ್ಲಿ ನಾನೂ ಇದೇ ಗುಂಡಿಗೆ ಬಿದ್ದವನು.)

ಇನ್ನೊಂದು ವಿಷಯ, ನೀವು ಎಲ್ಲದಕ್ಕೂ ಘನವನ್ನೇ ಹಾಕಿದ್ದೀರಿ. ಮೂರು ಅಂಕಿಗೆ ಅದು ಸರಿ. 1634ಕ್ಕೆ ಘನಗಳ ಮೊತ್ತ 308 ಬರುತ್ತೆ. ನಾಲ್ಕನೇ ಘಾತ ತಗೊಂಡರೆ 1 + 1296 + 81 + 256, ಅಂದರೆ 1634. ಹಾಗಾಗಿ ಮೊದಲು ಅಂಕಿ ಎಷ್ಟಿವೆ ಅಂತ ಎಣಿಸಿಕೊಳ್ಳಿ. ಘಾತ ಲೆಕ್ಕ ಹಾಕೋಕೆ ಸಿ ಭಾಷೆಯಲ್ಲೇ ಇರೋ ಪವ್ ಫಂಕ್ಷನ್ ಬೇಡ. ಅದು ಕೊಡೋದು ಡಬಲ್, ಅಂದರೆ ದಶಾಂಶ ಸಂಖ್ಯೆ, ಅದು 125ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬಹುದು. ಅದನ್ನು ಇಂಟ್‌ಗೆ (ಪೂರ್ಣಾಂಕದ ವೇರಿಯಬಲ್‌ಗೆ) ಹಾಕಿದಾಗ ದಶಾಂಶ ಭಾಗ ಕತ್ತರಿಸಿ ಹೋಗಿ ಕೆಲವು ಕಂಪೈಲರ್‌ಗಳಲ್ಲಿ 125 ಹೋಗಿ 124 ಆಗುತ್ತೆ. ಚಿಕ್ಕ ಲೂಪ್ ಬರೆದು ಗುಣಿಸಿಕೊಳ್ಳಿ.

ತಿದ್ದಿದ ಮೇಲೆ 370, 407, 8208, 9474 ಕೊಟ್ಟು ನೋಡಿ, ಎಲ್ಲಕ್ಕೂ ‘ಹೌದು’ ಬರಬೇಕು. 10ರಿಂದ 99ರವರೆಗೆ ಒಂದೂ ಸಿಗಬಾರದು. ಸಿಕ್ಕರೆ ಕೋಡ್ ಮತ್ತೆ ಹಾಕಿ, ನೋಡ್ತೀನಿ.