ಫ್ಲೋರಿಡಾ ಸ್ಟೇಟ್ ತಂಡ 13-1ರಿಂದ 2-10ಕ್ಕೆ ಬಿದ್ದದ್ದು ಯಾರ ತಪ್ಪು?

ನಿಮ್ಮ ಪ್ರಶ್ನೆ ಇದು: ಓದಲೆಂದು ಫ್ಲೋರಿಡಾದ ಟ್ಯಾಲಹಾಸಿಗೆ ಹೊಸದಾಗಿ ಬಂದಿದ್ದೀರಿ. ಹಿಂದಿನ ವರ್ಷ 13 ಗೆದ್ದು 1 ಸೋತಿದ್ದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2 ಗೆದ್ದು 10 ಸೋತ 2024ರ ಅಮೆರಿಕನ್ ಫುಟ್‌ಬಾಲ್ ಸೀಸನ್ನಿನ ಮಾತೆತ್ತಿದರೆ ನಿಮ್ಮ ರೂಂಮೇಟುಗಳು ಇವತ್ತಿಗೂ ಜಗಳಕ್ಕೆ ನಿಲ್ಲುತ್ತಾರೆ. ಒಬ್ಬ ಕೋಚ್ ಮೇಲೆ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮೇಲೆ, ಮತ್ತೊಬ್ಬ ಪ್ಲೇಆಫ್ ಸಮಿತಿ ಮೇಲೆ ಗೂಬೆ ಕೂರಿಸುತ್ತಾನೆ. ಇದರಲ್ಲಿ ಯಾರ ಮಾತು ಸರಿ ಅಂತ ಕೇಳಿದ್ದೀರಿ.

ನಾನು 2021ರಿಂದ ನಾಲ್ಕು ವರ್ಷ ಇದೇ ವಿಶ್ವವಿದ್ಯಾಲಯದಲ್ಲಿ ಓದಿದವನು. ಡೋಕ್ ಕ್ಯಾಂಪ್‌ಬೆಲ್ ಸ್ಟೇಡಿಯಂನಲ್ಲಿ ನಡೆದ ಪಂದ್ಯಗಳನ್ನು ತಪ್ಪಿಸಿಕೊಂಡದ್ದು ಕಡಿಮೆ. ನನ್ನ ಪ್ರಕಾರ ಹೆಚ್ಚಿನ ತಪ್ಪು ಮುಖ್ಯ ಕೋಚ್ ಮೈಕ್ ನಾರ್ವೆಲ್ ಅವರದೇ. ಆದರೆ ನಿಮ್ಮ ರೂಂಮೇಟ್ ಕೊಡುವ ಕಾರಣ ಬೇರೆ ಇರಬಹುದು, ನನ್ನದು ಬೇರೆ.

ಆಟ ಹೊಸದಾದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಇದು ನಮ್ಮ ಕಾಲ್ಚೆಂಡಾಟ ಅಲ್ಲ. ಚೆಂಡು ಕೈಯಲ್ಲಿ ಹಿಡಿದ ತಂಡ ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗಲಿಲ್ಲವೆಂದರೆ ಚೆಂಡು ಎದುರಾಳಿಗೆ. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಟಿವಿಯಲ್ಲಿ ಎಲ್ಲರೂ ನೋಡುವುದು ಅವನನ್ನೇ. ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ದೊಡ್ಡಾಳುಗಳನ್ನು ಯಾರೂ ನೋಡುವುದಿಲ್ಲ. ಅದಕ್ಕೆ ಅಫೆನ್ಸಿವ್ ಲೈನ್ ಅನ್ನುತ್ತಾರೆ. ಆ ಗೋಡೆ ಬಿದ್ದರೆ ಹಿಂದೆ ಎಂಥ ಜಾಣ ನಿಂತಿದ್ದರೂ ಪ್ರಯೋಜನವಿಲ್ಲ.

ಮೊದಲು ಪ್ಲೇಆಫ್ ಸಮಿತಿಯ ವಿಷಯ. ಸೀಸನ್ ಕೊನೆಯಲ್ಲಿ ರಾಷ್ಟ್ರೀಯ ಪ್ರಶಸ್ತಿಗಾಗಿ ಆಡುವ ತಂಡಗಳನ್ನು ಆರಿಸುವುದು ಈ ಸಮಿತಿ. 2023ರಲ್ಲಿ ನಮ್ಮ ತಂಡ ಆಡಿದ ಹದಿಮೂರನ್ನೂ ಗೆದ್ದು ನಮ್ಮ ಕಾನ್ಫರೆನ್ಸ್ (ತಂಡಗಳ ಗುಂಪು) ಆದ ಎಸಿಸಿಯ ಚಾಂಪಿಯನ್ ಆಯಿತು. ಆದರೆ ನವೆಂಬರ್‌ನಲ್ಲಿ ನಾರ್ತ್ ಅಲಬಾಮಾ ವಿರುದ್ಧ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದರು. ಅವರಿಲ್ಲದ ತಂಡ ಅಷ್ಟು ಬಲವಾಗಿಲ್ಲ ಎಂದು ಸಮಿತಿ ನಮ್ಮನ್ನು ಬಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ನಾಲ್ಕನೇ ತಂಡವಾಗಿ ಆರಿಸಿತು. ದೊಡ್ಡ ಕಾನ್ಫರೆನ್ಸ್ ಒಂದನ್ನು ಗೆದ್ದ ಅಜೇಯ ತಂಡ ನಾಲ್ಕು ತಂಡಗಳ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು. ಅದು ಅನ್ಯಾಯ, ಈಗಲೂ ಹಾಗೇ ಹೇಳುತ್ತೇನೆ. ಆ ನೋವಿನಲ್ಲೇ ಹಲವು ಆಟಗಾರರು ಸೀಸನ್ನಿನ ಕೊನೆಯ ಪಂದ್ಯವಾದ ಆರೆಂಜ್ ಬೌಲ್‌ನಿಂದ ದೂರ ಉಳಿದರು. ಡಿಸೆಂಬರ್ 30ರಂದು ಜಾರ್ಜಿಯಾ ನಮ್ಮನ್ನು 63-3ರಿಂದ ಬಡಿದು ಹಾಕಿತು. ಸಮಿತಿಯೇ ತಂಡದ ಬೆನ್ನು ಮುರಿಯಿತು ಅನ್ನುವವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ 2024ರ ಆಗಸ್ಟ್‌ಗೆ ಹಲವು ತಿಂಗಳು ಕಳೆದಿದ್ದವು, ಹುಡುಗರೂ ಬೇರೆಯವರು. ಮೊದಲ ಪಂದ್ಯಕ್ಕೆ ಐರ್ಲೆಂಡಿನ ಡಬ್ಲಿನ್‌ಗೆ ಹಾರುವಾಗ ನಮ್ಮದು ದೇಶದಲ್ಲಿ ಹತ್ತನೇ ರ‍್ಯಾಂಕಿನ ತಂಡ. ಅಲ್ಲಿ ಜಾರ್ಜಿಯಾ ಟೆಕ್ ಕೊನೇ ಕ್ಷಣದಲ್ಲಿ, ಚೆಂಡು ಒದ್ದು ಮೂರು ಅಂಕ ಗಳಿಸುವ ಫೀಲ್ಡ್ ಗೋಲ್‌ನಿಂದ 24-21ಕ್ಕೆ ಗೆದ್ದಿತು. ಆ ಸೋಲಿಗೆ ಸಮಿತಿ ಹೊಣೆಯಲ್ಲ.

ಇನ್ನು ಕ್ವಾರ್ಟರ್‌ಬ್ಯಾಕ್. ಡಿಜೆ ಉಯಾಂಗಲೆಲೆ ಅಂತ ಹೆಸರು. ಮೊದಲು ಕ್ಲೆಮ್ಸನ್, ಆಮೇಲೆ ಓರೆಗಾನ್ ಸ್ಟೇಟ್, ಕೊನೆಗೆ ನಮ್ಮಲ್ಲಿ. ಅವನ ಮೇಲೆ ಬಿದ್ದಷ್ಟು ಬೈಗುಳ ಬೇರೆ ಯಾರ ಮೇಲೂ ಬಿದ್ದಿಲ್ಲ. ಸೆಪ್ಟೆಂಬರ್ 2ರ ರಾತ್ರಿ ಬಾಸ್ಟನ್ ಕಾಲೇಜ್ ವಿರುದ್ಧದ ಪಂದ್ಯಕ್ಕೆ ನಾನು ವಿದ್ಯಾರ್ಥಿಗಳ ಸ್ಟ್ಯಾಂಡಿನಲ್ಲಿದ್ದೆ. ಸೆಖೆ ಎಷ್ಟಿತ್ತೆಂದರೆ ಅಂಗಿ ಮೈಗೆ ಅಂಟಿಕೊಂಡಿತ್ತು. ಚೆಂಡು ಡಿಜೆ ಕೈಗೆ ಬಂದಾಗಲೆಲ್ಲ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂದು, ಎರಡು ಅನ್ನುವಷ್ಟರಲ್ಲಿ ಎದುರಾಳಿ ಅವನ ಎದೆ ಮೇಲಿರುತ್ತಿದ್ದ. ನಿಜ, ಬಿಡುವು ಸಿಕ್ಕಾಗಲೂ ಅವನು ಕೆಲವು ಸುಲಭದ ಎಸೆತ ತಪ್ಪಿಸಿದ. ಆದರೆ ಆ ರಾತ್ರಿಯ ಲೆಕ್ಕ ನೋಡಿ: ಬಾಸ್ಟನ್ ಕಾಲೇಜ್ ಚೆಂಡು ಹಿಡಿದು ಓಡಿದ್ದು 263 ಗಜ, ನಾವು ಓಡಿದ್ದು 21 ಗಜ. ಓಟ ಕ್ವಾರ್ಟರ್‌ಬ್ಯಾಕ್‌ನ ಎಸೆತದಿಂದ ಬರುವುದಲ್ಲ, ಆ ಐದು ಜನ ದಾರಿ ಬಿಡಿಸಿದರೆ ಬರುವುದು. ಸ್ಕೋರು 28-13.

ನನ್ನ ಹಿಂದಿನ ಸಾಲಿನ ಹುಡುಗನೊಬ್ಬ ಡಿಜೆಯ ಅಮ್ಮನ ತನಕ ಹೋಗಿ ಬೈಯುತ್ತಿದ್ದ. ನನಗೆ ಅದು ಸಹಿಸಲಾಗಲಿಲ್ಲ, ತಿರುಗಿ ಸಾಕು ಮಾಡಪ್ಪಾ ಅಂದೆ. ಹೊರಗೆ ಇಳಿಜಾರಿನಲ್ಲಿ ನಡೆಯುತ್ತಿದ್ದಾಗ ನಮ್ಮ ತಂಡದ ಗಾರ್ನೆಟ್ (ಕಡುಗೆಂಪು) ಬಣ್ಣದ ಮಾಸಿದ ಅಂಗಿಯ ಮುದುಕರೊಬ್ಬರು ಜೊತೆಯಾದರು. 1974ರಲ್ಲಿ ತಂಡ 1-10 ಆದಾಗ ತಾವು ಇಲ್ಲಿ ವಿದ್ಯಾರ್ಥಿ ಎಂದರು. "ಆ ಮಗುವನ್ನು ಬೈದು ಏನು ಬಂತು? ಅವನನ್ನು ಕರೆದುಕೊಂಡು ಬಂದವರು ಯಾರು ಅಂತ ಕೇಳಬೇಕು" ಅಂದರು. ನನ್ನ ತಲೆಯಲ್ಲಿ ಆ ಪ್ರಶ್ನೆ ಆಮೇಲೂ ಸುತ್ತುತ್ತಲೇ ಇತ್ತು. ಆ ತಿಂಗಳ ಕೊನೆಗೆ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ವಿರುದ್ಧ ಡಿಜೆ ಎಸೆಯುವ ಕೈಗೇ ಪೆಟ್ಟಾಯಿತು, ಮತ್ತೆ ಆ ಸೀಸನ್ ಆಡಲಿಲ್ಲ. ಆಮೇಲೆ ಆಡಿದ್ದು ಬ್ರಾಕ್ ಗ್ಲೆನ್ ಮತ್ತು ಲೂಕ್ ಕ್ರೋಮೆನ್‌ಹೂಕ್ ಎಂಬ ಎಳೆಯರು. ಅವರಿಂದಲೂ ಏನೂ ಬದಲಾಗಲಿಲ್ಲ. ಇಡೀ ಸೀಸನ್ನಿನಲ್ಲಿ ನಮ್ಮ ದರ್ಜೆಯ ಯಾವ ತಂಡದ ಎದುರೂ ನಾವು 21 ಅಂಕ ದಾಟಲಿಲ್ಲ. ಆ 21 ಕೂಡ ಮೊದಲ ಪಂದ್ಯದ್ದೇ. ಮೂವರು ಎಸೆದು ನೋಡಿದರೂ ಅದೇ ಗತಿ ಅಂದಮೇಲೆ ಎಸೆಯುವವನನ್ನು ಬೈದು ಏನು ಉಪಯೋಗ?

ಈಗ ನನ್ನ ಕಾರಣಕ್ಕೆ ಬರುತ್ತೇನೆ. ಆ 13-1ರ ತಂಡದಿಂದ ಹತ್ತು ಜನ 2024ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಆಯ್ಕೆಯಾದರು. ಆಗ ನಾವೆಲ್ಲ ಕುಣಿದಾಡಿದ್ದೆವು. ಆ ಹತ್ತರಲ್ಲಿ ಹೈಸ್ಕೂಲಿನಿಂದ ನೇರ ನಮ್ಮಲ್ಲಿಗೆ ಬಂದು ಬೆಳೆದವರು ಎಷ್ಟು ಜನ ಗೊತ್ತೇ? ಒಬ್ಬರೇ, ರೆನಾರ್ಡೊ ಗ್ರೀನ್. ಮಿಕ್ಕವರು ಬಂದದ್ದು ಬೇರೆ ಕಾಲೇಜುಗಳಿಂದ: ಜ್ಯಾರೆಡ್ ವರ್ಸ್ ಆಲ್ಬನಿಯಿಂದ, ಬ್ರೇಡನ್ ಫಿಸ್ಕ್ ವೆಸ್ಟರ್ನ್ ಮಿಷಿಗನ್‌ನಿಂದ, ಕಿಯಾನ್ ಕೋಲ್ಮನ್ ಮಿಷಿಗನ್ ಸ್ಟೇಟ್‌ನಿಂದ, ಟ್ರೇ ಬೆನ್ಸನ್ ಓರೆಗಾನ್‌ನಿಂದ. ಟ್ರಾವಿಸ್ ಕೂಡ ಲೂಯಿವಿಲ್‌ನಿಂದ ಬಂದವರು. ಉಳಿದವರದೂ ಇದೇ ಕಥೆ. ಟ್ರಾನ್ಸ್‌ಫರ್ ಪೋರ್ಟಲ್ ಅಂದರೆ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಜಿಗಿಯುವ ದಾರಿ. 2021ರಿಂದ ಒಂದು ವರ್ಷ ಸುಮ್ಮನೆ ಕೂರದೆ ಆಡುವ ಅವಕಾಶವೂ ಸಿಕ್ಕಿತು. ಆ ದಾರಿಯನ್ನು ನಾರ್ವೆಲ್ ಅವರಷ್ಟು ಚೆನ್ನಾಗಿ ಬಳಸಿಕೊಂಡವರು ಆಗ ಕಡಿಮೆ. 2021ರಲ್ಲಿ ಜಾಕ್ಸನ್‌ವಿಲ್ ಸ್ಟೇಟ್‌ನಂಥ ಸಣ್ಣ ತಂಡಕ್ಕೆ ಕೊನೆಯ ಎಸೆತದಲ್ಲಿ ಸೋತವರು ಎರಡೇ ವರ್ಷದಲ್ಲಿ ಅಜೇಯರಾದದ್ದು ಹೀಗೆ.

ನಮ್ಮ ಮನೆ ಮಂಡ್ಯ ಕಡೆ, ಭತ್ತದ ಊರು. ಒಟ್ಲು ಹಾಕದೆ ಪ್ರತಿ ವರ್ಷ ಬೇರೆಯವರ ಗದ್ದೆಯಿಂದ ಪೈರು ತಂದು ನಾಟಿ ಮಾಡಿದರೆ ಒಂದು ವರ್ಷ ಒಳ್ಳೇ ಬೆಳೆ ಬರಬಹುದು. ಮರುವರ್ಷ ಸಿಕ್ಕ ಪೈರು ಬಡಕಲಾದರೆ ಹಿಂದೆ ನಮ್ಮದು ಅಂತ ಏನೂ ಇರುವುದಿಲ್ಲ. 2024ರಲ್ಲಿ ಆದದ್ದು ಅದೇ. ಹತ್ತು ಜನ ಹೋದರು, ಅವರ ಜಾಗಕ್ಕೆ ಮತ್ತೆ ಹೊರಗಿನಿಂದ ತಂದವರು ಅಷ್ಟು ಗಟ್ಟಿ ಇರಲಿಲ್ಲ. ಲೈನ್‌ನಲ್ಲಿ ಹಲವರು ಗಾಯಗೊಂಡಾಗ ಬದಲಿಗೆ ನಿಲ್ಲುವಷ್ಟು ಪಳಗಿದವರು ಬೆಂಚಿನಲ್ಲಿ ಇರಲಿಲ್ಲ. ದೊಡ್ಡಾಳುಗಳು ಪಳಗಲು ಮೂರು ನಾಲ್ಕು ವರ್ಷ ಬೇಕು. ನಾರ್ವೆಲ್ ಬಂದದ್ದು 2020ಕ್ಕೆ, ಅವರಿಗೆ ಅಷ್ಟು ಸಮಯ ಇತ್ತು.

ಆಡಳಿತದ ಪಾಲೂ ಇದೆ. 2024ರ ಜನವರಿಯಲ್ಲಿ ಅಲಬಾಮಾದ ಕೋಚ್ ನಿಕ್ ಸೇಬನ್ ನಿವೃತ್ತರಾದಾಗ ಆ ಜಾಗಕ್ಕೆ ನಾರ್ವೆಲ್ ಹೆಸರು ಓಡಾಡಿತು. ಗಾಬರಿಯಾದ ನಮ್ಮವರು ವರ್ಷಕ್ಕೆ 1 ಕೋಟಿ ಡಾಲರ್‌ಗೂ ಮಿಕ್ಕಿದ ಎಂಟು ವರ್ಷದ ಒಪ್ಪಂದ ಬರೆದುಕೊಟ್ಟರು. ಹನ್ನೊಂದು ತಿಂಗಳಲ್ಲಿ ಅವರನ್ನು ತೆಗೆಯಬೇಕೆಂದರೆ 6 ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾದ ಸ್ಥಿತಿ. ಹಾಗಾಗಿ ನವೆಂಬರ್ 9ರಂದು ನೋಟರ್ ಡೇಮ್ 52-3ರಿಂದ ಹೊಡೆದ ಮರುದಿನ ತಲೆದಂಡವಾದದ್ದು ಅಲೆಕ್ಸ್ ಆಟ್ಕಿನ್ಸ್, ಆಡಮ್ ಫುಲ್ಲರ್, ರಾನ್ ಡುಗನ್ಸ್ ಎಂಬ ಕೈಕೆಳಗಿನ ಮೂವರು ಕೋಚ್‌ಗಳದ್ದು. ಆಟ್ಕಿನ್ಸ್ ಹೊಣೆ ಹೊತ್ತಿದ್ದ ದಾಳಿಯ ಆಟ ನೋಡಲಾಗದಷ್ಟು ಕೆಟ್ಟಿತ್ತು, ಒಪ್ಪುತ್ತೇನೆ. ಆದರೆ ಯಾರನ್ನು ತರಬೇಕು, ಯಾರನ್ನು ಬೆಳೆಸಬೇಕು ಅಂತ ಕೊನೆಯದಾಗಿ ತೀರ್ಮಾನಿಸುತ್ತಿದ್ದದ್ದು ಅವರಲ್ಲ.

ಅಭಿಮಾನಿಗಳಾದ ನಮ್ಮ ಮಾತನ್ನೂ ಹೇಳಬೇಕು. 2023ರಲ್ಲಿ ಪೋರ್ಟಲ್‌ನಿಂದ ಬಂದ ಒಬ್ಬೊಬ್ಬ ಆಟಗಾರನಿಗೂ ಚಪ್ಪಾಳೆ ತಟ್ಟಿದವರೇ ಮರುವರ್ಷ ಹಣಕ್ಕೆ ಬಂದವರಿಗೆ ನಿಯತ್ತಿಲ್ಲ ಎಂದು ಬೈದರು. ವರ್ಸ್ ಕೂಡ ಅದೇ ಬಾಗಿಲಿನಿಂದ ಬಂದವರು ತಾನೆ? ಹಿಂದಿನ ಕೋಚ್ ಬಾಬಿ ಬೌಡನ್ ಕಾಲದಲ್ಲಿ 1987ರಿಂದ 2000ದವರೆಗೆ ಸತತ ಹದಿನಾಲ್ಕು ವರ್ಷ ದೇಶದ ಮೊದಲ ಐದರೊಳಗೆ ನಿಂತ ಊರಿದು. ಇಲ್ಲಿ ಕಾಯಿರಿ ಅಂದರೆ ಯಾರೂ ಕೇಳುವುದಿಲ್ಲ. ಆ ಅವಸರ ಕೋಚ್ ಕಿವಿಗೂ ಬಿದ್ದಿರುತ್ತದೆ.

ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತಿರಬಹುದು. ಅಂದು ಬಾಸ್ಟನ್ ಕಾಲೇಜ್ ಪರ ನಮ್ಮನ್ನು ಸೋಲಿಸಿದ ಕ್ವಾರ್ಟರ್‌ಬ್ಯಾಕ್ ಥಾಮಸ್ ಕ್ಯಾಸ್ಟೆಲಾನೋಸ್ ಅವನನ್ನೇ 2025ಕ್ಕೆ ಪೋರ್ಟಲ್‌ನಿಂದ ಕರೆತಂದರು. ಆಗಸ್ಟ್ 30ರಂದು ಅಲಬಾಮಾವನ್ನು 31-17ಕ್ಕೆ ಸೋಲಿಸಿದಾಗ ಊರೆಲ್ಲ ಬೀದಿಗಿಳಿದಿತ್ತು, ನಾನೂ ಇದ್ದೆ. ಸೀಸನ್ ಮುಗಿದದ್ದು 5-7ಕ್ಕೆ. ಹಾಗಾಗಿ ಈಗ ಪ್ರತಿ ಡಿಸೆಂಬರ್‌ನಲ್ಲಿ ಹೊಸಬರ ಪಟ್ಟಿ ಬಂದಾಗ ನಾನು ಮೊದಲು ಹುಡುಕುವುದು ಕ್ವಾರ್ಟರ್‌ಬ್ಯಾಕ್ ಹೆಸರನ್ನಲ್ಲ, ಹೈಸ್ಕೂಲಿನಿಂದ ಬರುತ್ತಿರುವ ಲೈನ್‌ಮನ್‌ಗಳು ಎಷ್ಟು ಜನ ಅಂತ.