ಕೊಡಗಿನಿಂದ ಜೀಪಿನಲ್ಲಿ ಹೊರಟು ಪುಡಿಹಿಮದಲ್ಲಿ ಸ್ಕೀ ಮಾಡಿ ಬರಬಹುದೇ?

ಮಾಡಬಹುದು, ಆದರೆ ನೀವು ಬರೆದಿರುವ ರೀತಿಯಲ್ಲಿ ಬೇಡ. ಫೆಬ್ರವರಿಯಲ್ಲಿ ಕುಶಾಲನಗರದಿಂದ ನಾಲ್ವರು ಜೀಪಿನಲ್ಲಿ ಹೊರಟು ಎರಡು ವಾರದೊಳಗೆ ಉತ್ತರಾಖಂಡದ ಔಲಿ, ಹಿಮಾಚಲದ ಸೋಲಾಂಗ್, ಕಾಶ್ಮೀರದ ಗುಲ್ಮಾರ್ಗ್ ಮೂರನ್ನೂ ಮುಗಿಸುವುದು ನಿಮ್ಮ ಯೋಚನೆ. ಶ್ರೀನಗರವೊಂದೇ ನಮ್ಮಿಂದ ಮೂರು ಸಾವಿರ ಕಿಲೋಮೀಟರಿಗೂ ಆಚೆ ಇದೆ. ಸ್ಕೀ ಕಾಲಿಗೆ ಕಟ್ಟುವ ಹೊತ್ತಿಗೆ ರಜೆಯೇ ತೀರಿರುತ್ತದೆ. ನಾನು ಮಡಿಕೇರಿಯವನು, ಚಳಿಗಾಲದಲ್ಲಿ ಬಿಡುವಾದಾಗಲೆಲ್ಲ ಕಾಶ್ಮೀರಕ್ಕೆ ಹೋಗುತ್ತೇನೆ. ಬೆಂಗಳೂರಿನಿಂದ ವಿಮಾನದಲ್ಲಿ ಹೋಗಿ, ಗುಲ್ಮಾರ್ಗ್ ಒಂದನ್ನೇ ಹಿಡಿದು, ಅಲ್ಲಿಯೇ ಉಳಿದು ಹಿಮಕ್ಕಾಗಿ ಕಾಯಿರಿ ಎನ್ನುವುದು ನನ್ನ ಸಲಹೆ.

ಕಾಯುವುದು ಏಕೆಂದರೆ, ಅಲ್ಲಿನ ಹಿಮ ನಮ್ಮ ಆಷಾಢದ ಮಳೆಯಂತೆ ಎಡೆಬಿಡದೆ ಸುರಿಯುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತ ಮಾರುತಗಳು ಆಗಾಗ ಬಂದು, ಎರಡು ಮೂರು ದಿನ ಸುರಿಸಿ ಹೋಗುತ್ತವೆ. ನಡುವೆ ಎಷ್ಟೋ ದಿನ ಬರೀ ಬಿಸಿಲು. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ; 2024ರಲ್ಲಿ ಆ ಅವಧಿಯ ಬಹುಪಾಲು ಗುಲ್ಮಾರ್ಗಿನ ಇಳಿಜಾರುಗಳು ಬೋಳಾಗಿಯೇ ಇದ್ದವು, ಹಿಮ ಬಿದ್ದದ್ದು ಜನವರಿಯ ಕೊನೆಗೆ. ಊರಿಂದ ಊರಿಗೆ ಓಡುವವನಿಗೆ ಮಾರುತ ಬಂದ ದಿನ ದಾರಿ ಮುಚ್ಚಿರುತ್ತದೆ, ದಾರಿ ತೆರೆದಾಗ ಹೊಸದಾಗಿ ಬಿದ್ದ ಹಗುರವಾದ ಪುಡಿಹಿಮವನ್ನು ಬೇರೆಯವರು ತುಳಿದಿರುತ್ತಾರೆ. ಸೋಲಾಂಗ್ ಕಲಿಯುವವರಿಗೆ ಒಳ್ಳೆಯ ಜಾಗ, ಆದರೆ ಚಿಕ್ಕದು. ಔಲಿಯ ಇಳಿಜಾರು ಚೆಂದವೇ. ಗುಲ್ಮಾರ್ಗಿನಲ್ಲಿ ಮಾತ್ರ 2,650 ಮೀಟರಿನಿಂದ ಗೊಂಡೋಲಾ, ಅಂದರೆ ಹಗ್ಗದ ಮೇಲೆ ತೂಗಿ ಸಾಗುವ ಕೇಬಲ್ ಕಾರ್, ಎರಡು ಹಂತಗಳಲ್ಲಿ ನಿಮ್ಮನ್ನು ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ ಒಯ್ಯುತ್ತದೆ. ಅಲ್ಲಿಂದ ಕೆಳಗೆ ಯಂತ್ರ ಹಾಯದ, ಮೊಣಕಾಲು ಮುಳುಗುವ ಹಿಮ.

ಇನ್ನು ನಾನು ಒತ್ತಿ ಹೇಳಬೇಕಾದ ವಿಷಯ. ಹಿಮ ನಿಂತ ಮರುದಿನದ ಪುಡಿಹಿಮವೇ ಎಲ್ಲರಿಗೂ ಬೇಕು. ಹಿಮಕುಸಿತದ ಅಪಾಯ ಹೆಚ್ಚಿರುವುದೂ ಆ ದಿನವೇ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದ್ದನ್ನು ನಾವು ಕಂಡಿದ್ದೇವೆ. ಮಳೆಯಲ್ಲಿ ಗುಡ್ಡದ ಬರೆ ಕುಸಿಯುವುದು ಮಣ್ಣು ನೀರು ಕುಡಿದು ಹಿಡಿತ ಕಳೆದುಕೊಂಡಾಗ. ಹಿಮದಲ್ಲಿ ಹಳೆಯ ಪದರದ ನಡುವೆ ಎಲ್ಲೋ ಸಡಿಲವಾದ ಹರಳುಗಳಿರುತ್ತವೆ. ಅದರ ಮೇಲೆ ಹೊಸ ಹಿಮದ ಭಾರ ಬಿದ್ದಿರುತ್ತದೆ, ಒಬ್ಬ ಮನುಷ್ಯನ ತೂಕ ಸೇರಿದರೆ ಸಾಕು, ಮೇಲಿನ ಪದರ ಇಡೀ ಹಲಗೆಯಂತೆ ಕಿತ್ತುಕೊಂಡು ಬರುತ್ತದೆ. 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಇದು ಹೆಚ್ಚು, ಸ್ಕೀ ಮಾಡಲು ಸೊಗಸಾಗಿರುವುದೂ ಅವೇ. 2023ರ ಫೆಬ್ರವರಿಯಲ್ಲಿ ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷದ ಫೆಬ್ರವರಿಯಲ್ಲಿ ರಷ್ಯದ ಒಬ್ಬರು ಹಿಮದಡಿ ಸಿಕ್ಕಿ ತೀರಿಕೊಂಡರು. ಆದ್ದರಿಂದ ನಾಲ್ವರಿಗೂ ಬೀಕನ್ (ಹೂತವರಿರುವ ಜಾಗ ತಿಳಿಸುವ ಸಂಕೇತ ಯಂತ್ರ), ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ ಇರಲೇಬೇಕು, ಬಳಸುವ ಅಭ್ಯಾಸವೂ ಇರಬೇಕು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ ಹದಿನೈದು ನಿಮಿಷಗಳ ನಂತರ ಕುಸಿಯುತ್ತಾ ಹೋಗುತ್ತದೆ; ಕೆಳಗಿನಿಂದ ಸಹಾಯ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಸ್ಥಳೀಯ ಗೈಡ್ ಇಲ್ಲದೆ ಮೇಲಿನ ಹಂತದ ಬೇಲಿ ದಾಟಬೇಡಿ. ಇಂದು ಹೋಗುವುದು ಬೇಡ ಎಂದು ಗೈಡ್ ಹೇಳಿದ ದಿನ ಕೋಣೆಯಲ್ಲಿ ಕಾಂಗ್ಡಿ ಎಂಬ ಕೆಂಡದ ಮಡಕೆಯ ಬಳಿ ಕುಳಿತು ಕಾಶ್ಮೀರಿ ಚಹಾ ಕಹ್ವಾ ಕುಡಿಯಿರಿ, ದಿನ ವ್ಯರ್ಥವಾಯಿತೆಂದು ಕೊರಗಬೇಡಿ.

ನಿಮ್ಮಲ್ಲಿ ಇಬ್ಬರು ಸ್ಕೀ ಹಾಕಿಯೇ ಇಲ್ಲ ಎಂದಿದ್ದೀರಿ. ಅವರಿಗೆ ಆಳವಾದ ಹಿಮ ಈ ಸಲ ಬೇಡ. ಗುಲ್ಮಾರ್ಗಿನಲ್ಲಿಯೇ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ತರಬೇತಿ ಸಂಸ್ಥೆ ಇದೆ. ಕೆಳಗಿನ ಮೆಲ್ಲಗಿನ ಇಳಿಜಾರಿನಲ್ಲಿ ಕಲಿಯಲಿ. ಬಲ್ಲ ಇಬ್ಬರು ಅಗಲವಾದ ಸ್ಕೀಗಳನ್ನು ಬಾಡಿಗೆಗೆ ಪಡೆಯಲಿ. ಗಟ್ಟಿ ಹಿಮದಲ್ಲಿ ತಿರುಗುವಾಗ ಹೊರಗಿನ ಕಾಲಿಗೆ ಭಾರ ಕೊಡುತ್ತೇವೆ. ಪುಡಿಹಿಮದಲ್ಲಿ ಎರಡೂ ಕಾಲಿಗೆ ಹೆಚ್ಚುಕಡಿಮೆ ಸಮನಾಗಿ ಕೊಡಬೇಕು, ಇಲ್ಲದಿದ್ದರೆ ಒಂದು ಸ್ಕೀ ಮುಳುಗಿ ಮುಗ್ಗರಿಸುತ್ತೀರಿ.

ಜೀಪಿನಲ್ಲೇ ಹೋಗುವ ಆಸೆ ಬಿಡಲಾಗದಿದ್ದರೆ ಇಷ್ಟು ನೆನಪಿಡಿ. ಸಂಪಾಜೆ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಿಸಿದ ಕೈಯಾದರೂ, ನೆರಳಿನ ತಿರುವಿನಲ್ಲಿ ಕಣ್ಣಿಗೆ ಕಾಣದೆ ಹೆಪ್ಪುಗಟ್ಟಿದ ತೆಳು ಮಂಜುಗಡ್ಡೆ ಬೇರೆಯದೇ ಮಾತು. ತಂಗ್‌ಮಾರ್ಗ್‌ನಿಂದ ಗುಲ್ಮಾರ್ಗಿಗೆ ಹದಿಮೂರು ಕಿಲೋಮೀಟರಿನ ಏರು. ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಇಲ್ಲದೆ ಅಲ್ಲಿ ಏರುವ ಸಾಹಸ ಬೇಡ. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಕಡುಚಳಿಯಲ್ಲಿ ಗಟ್ಟಿಯಾಗಬಹುದು, ಹಾಗಾಗಿ ಟ್ಯಾಂಕನ್ನು ಶ್ರೀನಗರದಲ್ಲಿ ತುಂಬಿಸಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ದಿನಗಳ ವಿಷಯ. ಜನವರಿಯ ಕೊನೆಯಿಂದ ಫೆಬ್ರವರಿಯ ನಡುಭಾಗದವರೆಗೆ ಹಿಮ ಒಣಗಿ ಹಗುರವಾಗಿರುತ್ತದೆ. ತೋಟವಿರುವವರಿಗೆ ಅದೇ ರೋಬಸ್ಟಾ ಕಾಫಿ ಕೊಯ್ಲಿನ ಹೊತ್ತು, ಕಾಫಿ ಒಣಗಿಸುವ ಕಣ ನೋಡಿಕೊಳ್ಳಲು ಮನೆಯಲ್ಲಿ ಯಾರನ್ನಾದರೂ ಈಗಲೇ ಒಪ್ಪಿಸಿ. ಮಾರ್ಚಿಗೆ ಮುಂದೂಡಿದರೆ ಮಧ್ಯಾಹ್ನದ ಬಿಸಿಲಿಗೆ ಹಿಮ ಒದ್ದೆಯಾಗಿ ಕಾಲೆಳೆಯುತ್ತದೆ. ಮತ್ತೊಂದು: ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ, ಗೊಂಡೋಲಾ ಟಿಕೆಟನ್ನು ಊರಿನಿಂದಲೇ ಕಾಯ್ದಿರಿಸಿ.