ಒಂಬತ್ತು ಗೋಲು ಬಿಟ್ಟ ಮೇಲೆ ತರಬೇತುದಾರ ಏನು ಹೇಳಬೇಕು?

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿಯಾದ ಪ್ರೀಮಿಯರ್ ಲೀಗ್‌ನಲ್ಲಿ ರಕ್ಷಣಾ ವಿಭಾಗ ಕುಸಿದು ತಂಡ ಸೋತಾಗ ಕೆಲವು ತರಬೇತುದಾರರು ತಪ್ಪೆಲ್ಲ ತಮ್ಮದೇ ಎನ್ನುತ್ತಾರೆ, ಇನ್ನು ಕೆಲವರು ಆಟಗಾರರನ್ನು ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಮೊದಲನೆಯದು ಬರಿಯ ತೋರಿಕೆಯಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ತೋರಿಕೆಯ ಅಂಶ ಇಲ್ಲವೆನ್ನಲಾಗದು. ಪಂದ್ಯ ಮುಗಿದ ಸ್ವಲ್ಪ ಹೊತ್ತಿನಲ್ಲೇ ಕ್ಯಾಮೆರಾಗಳ ಮುಂದೆ ನಿಲ್ಲಬೇಕಾದ ತರಬೇತುದಾರನ ಮಾತನ್ನು ಅಭಿಮಾನಿಗಳೂ ಕ್ಲಬ್ಬಿನ ಮಾಲೀಕರೂ ಕೇಳುತ್ತಿರುತ್ತಾರೆ. ಅವರಿಗಿಂತ ಹೆಚ್ಚು ಕಿವಿಗೊಟ್ಟು ಕೇಳುವವರು ಡ್ರೆಸ್ಸಿಂಗ್ ರೂಮಿನ ಆಟಗಾರರು. ಆದರೂ ‘ತಪ್ಪು ನನ್ನದು’ ಎಂಬುದು ಅನೇಕ ವೇಳೆ ಸೌಜನ್ಯದ ಮಾತಲ್ಲ, ನಿಜಸಂಗತಿ. ರಕ್ಷಣಾ ಸಾಲು ಎಷ್ಟು ಮುಂದೆ ನಿಲ್ಲಬೇಕು, ಚೆಂಡು ಕಳೆದುಕೊಂಡಾಗ ಎದುರಾಳಿಯ ಮೇಲೆ ಮೊದಲು ಯಾರು ಮುಗಿಬೀಳಬೇಕು ಎಂಬುದನ್ನೆಲ್ಲ ತೀರ್ಮಾನಿಸುವವನು ತರಬೇತುದಾರನೇ. ಮುಂಚೂಣಿಯವರು ಒತ್ತಡ ಹೇರದಿದ್ದರೆ, ಮೈದಾನದ ನಡುವಿನವರೆಗೂ ಬಂದು ನಿಂತ ಡಿಫೆಂಡರನ ಬೆನ್ನ ಹಿಂದೆ ಅರ್ಧ ಮೈದಾನವೇ ಖಾಲಿ ಬಿದ್ದಿರುತ್ತದೆ. ಟಿವಿಯಲ್ಲಿ ಮಾತ್ರ ಓಡಲಾಗದೆ ಹಿಂದುಳಿದ ಅವನೊಬ್ಬನೇ ಕಾಣುತ್ತಾನೆ.

2019ರ ಅಕ್ಟೋಬರ್ 25ರಂದು ಸೌತಾಂಪ್ಟನ್ ತಂಡವು ತವರಿನ ಸೇಂಟ್ ಮೇರೀಸ್ ಮೈದಾನದಲ್ಲಿ ಲೆಸ್ಟರ್ ಸಿಟಿಗೆ 0–9ರಿಂದ ಸೋತಿತು. ಪಂದ್ಯದ ಆರಂಭದಲ್ಲೇ ಆ ತಂಡದ ರಯಾನ್ ಬರ್ಟ್ರಾಂಡ್ ಕೆಂಪು ಕಾರ್ಡ್ ಪಡೆದು ಹೊರನಡೆದು, ಉಳಿದವರು ಹತ್ತೇ ಮಂದಿಯಾಗಿದ್ದರಿಂದ ನೆಪಕ್ಕೆ ಕೊರತೆಯಿರಲಿಲ್ಲ. ತರಬೇತುದಾರ ರಾಲ್ಫ್ ಹಾಸೆನ್‌ಹ್ಯೂಟ್ಲ್ ಅದನ್ನು ಹಿಡಿದುಕೊಳ್ಳದೆ ಕ್ಷಮೆ ಕೇಳಿ, ಹೊಣೆಯನ್ನು ತಮ್ಮ ಮೇಲೆಯೇ ಹೊತ್ತರು. ಆಟಗಾರರೂ ತರಬೇತಿ ಸಿಬ್ಬಂದಿಯೂ ಆ ದಿನದ ಸಂಬಳವನ್ನು ಕ್ಲಬ್ಬಿನ ದತ್ತಿ ಸಂಸ್ಥೆಗೆ ಕೊಟ್ಟರು. ಅದನ್ನು ಪ್ರಚಾರವೆಂದು ಕರೆಯುವವರು ಕರೆಯಲಿ. ಅದೇ ತಂಡ 2020ರ ಜನವರಿಯಲ್ಲಿ ಲೆಸ್ಟರ್‌ಗೇ ಹೋಗಿ 2–1ರಿಂದ ಗೆದ್ದಿತು, ಋತುವಿನ ಕೊನೆಗೆ 11ನೇ ಸ್ಥಾನದಲ್ಲಿತ್ತು. ಕ್ಷಮೆಯಿಂದ ರಕ್ಷಣೆ ಶಾಶ್ವತವಾಗಿ ಗಟ್ಟಿಯಾಯಿತೆಂದೇನೂ ಅಲ್ಲ: 2021ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಮತ್ತೆ 0–9! ಆಗಲೂ ಕ್ಲಬ್ ಹಾಸೆನ್‌ಹ್ಯೂಟ್ಲ್ ಅವರನ್ನು ಕೈಬಿಡಲಿಲ್ಲ.

ಇನ್ನೊಂದು ಬಗೆಯ ಪ್ರತಿಕ್ರಿಯೆಗೂ ಅದೇ ಸೇಂಟ್ ಮೇರೀಸ್ ಮೈದಾನ ಸಾಕ್ಷಿಯಾಯಿತು. 2023ರ ಮಾರ್ಚ್ 18ರಂದು ಸೌತಾಂಪ್ಟನ್ ವಿರುದ್ಧ 3–1ರಿಂದ ಮುಂದಿದ್ದ ಟಾಟ್ನಮ್, ಮೊದಲು ಒಂದು ಗೋಲನ್ನೂ ಆಮೇಲೆ ಹೆಚ್ಚುವರಿ ನಿಮಿಷಗಳಲ್ಲಿ ಪೆನಾಲ್ಟಿ ಗೋಲನ್ನೂ ಬಿಟ್ಟುಕೊಟ್ಟು 3–3ರ ಸಮಬಲಕ್ಕೆ ಇಳಿಯಿತು. ಪತ್ರಿಕಾಗೋಷ್ಠಿಯಲ್ಲಿ ಟಾಟ್ನಮ್ ತರಬೇತುದಾರ ಆಂಟೋನಿಯೊ ಕಾಂಟೆ ತಮ್ಮ ಆಟಗಾರರನ್ನು ಸ್ವಾರ್ಥಿಗಳೆಂದು ಜರೆದರು; ಮಾಲೀಕರ ಕಾಲದಲ್ಲಿ ಕ್ಲಬ್ ಏನನ್ನೂ ಗೆದ್ದಿಲ್ಲವೆಂಬಲ್ಲಿಗೂ ಮಾತು ಹೋಯಿತು. ಅವರ ಅಸಮಾಧಾನ ನಿರಾಧಾರವೆಂದು ನನಗನ್ನಿಸುವುದಿಲ್ಲ. ಆದರೆ ಮುನ್ನಡೆ ಉಳಿಸಿಕೊಳ್ಳುವುದನ್ನು ಆ ತಂಡಕ್ಕೆ ಕಲಿಸಬೇಕಾಗಿದ್ದವರು ಅವರೇ ಅಲ್ಲವೇ? ಎಂಟು ದಿನಗಳಲ್ಲಿ ಅವರು ಹುದ್ದೆ ತೊರೆದರು. ಹೊಣೆ ಹೊತ್ತವರೆಲ್ಲ ಉಳಿಯುತ್ತಾರೆಂದೂ ಭಾವಿಸಬೇಡಿ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ 1–7ರಿಂದ ಜರ್ಮನಿಗೆ ಸೋತಾಗ ಅದರ ತರಬೇತುದಾರ ಲೂಯಿಸ್ ಫೆಲಿಪೆ ಸ್ಕೊಲಾರಿ ಹೊಣೆಯೆಲ್ಲ ತಮ್ಮದೆಂದರು. ವಾರದೊಳಗೆ ಅವರ ಹುದ್ದೆಯೂ ಹೋಯಿತು.

ಆದ್ದರಿಂದ ತೋರಿಕೆ ಯಾವುದು, ನಿಜ ಯಾವುದು ಎಂಬುದನ್ನು ಪತ್ರಿಕಾಗೋಷ್ಠಿಯಿಂದ ತಿಳಿಯುವುದು ಕಷ್ಟ. ಮುಂದಿನ ಪಂದ್ಯದಲ್ಲಿ ರಕ್ಷಣಾ ಸಾಲು ನಿಲ್ಲುವ ಜಾಗ ಬದಲಾಗಿದೆಯೇ, ಅದರ ಮುಂದಿನ ಮಿಡ್‌ಫೀಲ್ಡರುಗಳಿಗೆ ಬೇರೆ ಕೆಲಸ ವಹಿಸಲಾಗಿದೆಯೇ ಎಂಬುದನ್ನು ಗಮನಿಸಿ. ತಪ್ಪು ತನ್ನದೆಂದ ತರಬೇತುದಾರ ಯಾವ ಬದಲಾವಣೆಯನ್ನೂ ಮಾಡದೆ ಒಬ್ಬ ಡಿಫೆಂಡರನನ್ನು ಮಾತ್ರ ಬೆಂಚಿನಲ್ಲಿ ಕೂರಿಸಿದ್ದರೆ, ನಿಮ್ಮ ಸಂಶಯ ಸರಿಯೇ.